ಡಾಸನ್ ಸಿಟಿ: ಕ್ಲೋಂಡೈಕ್ ಚಿನ್ನದ ಊರಿನ ಇತಿಹಾಸ ಮತ್ತು ಜನರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲೋಂಡೈಕ್ ಎಂಬ ಹೆಸರು ಕೇಳಿದವರು ಬಹಳ, ಆದರೆ ಆ ಹೆಸರಿನ ಹಿಂದಿರುವ ಊರನ್ನು ತಿಳಿದವರು ಕಡಿಮೆ. ಆ ಊರಿನ ಕಥೆಯನ್ನು ಹೊರಗಿನಿಂದ ಬಂದವರ ಸಾಹಸವೆಂದೇ ಹೇಳುವುದು ವಾಡಿಕೆಯಾಗಿಬಿಟ್ಟಿದೆ. ನೆಲ ಯಾರದಾಗಿತ್ತು, ಚಿನ್ನ ಯಾರ ಕಣ್ಣಿಗೆ ಬಿತ್ತು, ಕೊನೆಗೆ ಯಾರ ಕೈ ಸೇರಿತು ಎಂಬುದನ್ನು ಬಿಟ್ಟರೆ ಆ ಕಥೆ ಅರ್ಧವಾಗುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಅದಕ್ಕೂ ಸಲ್ಲಬೇಕಾದ ಜಾಗ ಕೊಡಲಾಗಿದೆ.

ಪ್ರಶ್ನೆ: ಡಾಸನ್ ಸಿಟಿ ಎಲ್ಲಿದೆ? ಈಗ ಎಷ್ಟು ದೊಡ್ಡ ಊರು?

ಕೆನಡಾದ ವಾಯವ್ಯ ಮೂಲೆಯ ಯೂಕಾನ್ ಪ್ರದೇಶದಲ್ಲಿ, ಕ್ಲೋಂಡೈಕ್ ನದಿಯು ಯೂಕಾನ್ ಮಹಾನದಿಯನ್ನು ಕೂಡುವ ಸಂಗಮದ ಪಕ್ಕದಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಸ್ವಲ್ಪವೇ ದಕ್ಷಿಣಕ್ಕೆ ಇದೆ. ಈಗಿನ ರಾಜಧಾನಿ ವೈಟ್‌ಹಾರ್ಸ್‌ನಿಂದ ರಸ್ತೆಯಲ್ಲಿ ಸುಮಾರು 530 ಕಿಲೋಮೀಟರ್ ಉತ್ತರಕ್ಕೆ ಸಾಗಬೇಕು. 2021ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 1,600ರ ಒಳಗೇ ಇತ್ತು. 1898ರ ಬೇಸಿಗೆಯಲ್ಲಿ ಊರಿನಲ್ಲೂ ಸುತ್ತಲಿನ ತೊರೆಗಳಲ್ಲೂ ಸೇರಿ ಸುಮಾರು 30,000 ಜನರಿದ್ದರೆಂಬ ಅಂದಾಜಿದೆ.

ಪ್ರಶ್ನೆ: ಚಿನ್ನ ಸಿಗುವ ಮೊದಲು ಅಲ್ಲಿ ಯಾರಿದ್ದರು?

ಹಾನ್ ಭಾಷೆಯನ್ನಾಡುವ ಟ್ರೋಂಡೆಕ್ ಹ್ವೆಚಿನ್ ಜನರಿದ್ದರು. ಸಂಗಮದಲ್ಲಿದ್ದ ಟ್ರೋಚೆಕ್ ಎಂಬ ಜಾಗ ಅವರ ಬೇಸಿಗೆಯ ಬೀಡು. ಸಾಲ್ಮನ್ ಮೀನುಗಳು ಹೊಳೆಯಲ್ಲಿ ಮೇಲಕ್ಕೇರಿ ಬರುವ ಕಾಲಕ್ಕೆ ಅಲ್ಲಿ ಸೇರಿ, ಮೀನು ಹಿಡಿದು ಒಣಗಿಸಿ, ದೀರ್ಘ ಚಳಿಗಾಲಕ್ಕೆ ಆಹಾರ ಕೂಡಿಡುತ್ತಿದ್ದರು. 1896ರ ನಂತರದ ಒಂದೆರಡು ವರ್ಷಗಳಲ್ಲಿ ಅದೇ ಜಾಗದಲ್ಲಿ ಗಣಿಗಾರರ ಗುಡಿಸಲುಗಳೆದ್ದು ಅದು ಕ್ಲೋಂಡೈಕ್ ಸಿಟಿ ಎನಿಸಿಕೊಂಡಿತು. ಸುತ್ತಲಿನ ಬೆಟ್ಟಗಳ ಮರಗಳನ್ನು ಸೌದೆಗೂ ಮನೆಗಳಿಗೂ ಕಡಿದರು, ಬೇಟೆಯ ಪ್ರಾಣಿಗಳು ದೂರ ಸರಿದವು. ಅಲ್ಲಿ ಬಾಳಿದವರ ಮಟ್ಟಿಗೆ ಚಿನ್ನದ ಶೋಧವೆಂದರೆ ಮೊದಲಿಗೆ ಅನ್ನದ ತಾಣ ಕೈಬಿಟ್ಟದ್ದು.

ಪ್ರಶ್ನೆ: ಕ್ಲೋಂಡೈಕ್ ಚಿನ್ನವನ್ನು ಮೊದಲು ಕಂಡವರು ಯಾರು?

ಅತಿ ಹೆಚ್ಚು ವಾದಕ್ಕೆ ಒಳಗಾದ ಪ್ರಶ್ನೆ ಇದು. 1896ರ ಆಗಸ್ಟ್ ಮಧ್ಯದಲ್ಲಿ ರ‍್ಯಾಬಿಟ್ ಕ್ರೀಕ್ ಎಂಬ ತೊರೆಯ ಬಳಿ ಇದ್ದವರು ಮೂವರು ಗಂಡಸರು: ಕ್ಯಾಲಿಫೋರ್ನಿಯಾ ಮೂಲದ ಜಾರ್ಜ್ ಕಾರ್ಮ್ಯಾಕ್, ಟ್ಯಾಗಿಶ್ ಸಮುದಾಯದ ಕೀಶ್ ಮತ್ತು ಕೀಶನ ಸೋದರಳಿಯ ಕಾ ಗೂಕ್ಸ್. ಇಂಗ್ಲಿಷ್ ದಾಖಲೆಗಳಲ್ಲಿ ಕೀಶ್ ಸ್ಕೂಕಮ್ ಜಿಮ್ ಆಗಿದ್ದಾನೆ, ಕಾ ಗೂಕ್ಸ್ ಡಾಸನ್ ಚಾರ್ಲಿ ಆಗಿದ್ದಾನೆ. ಕೀಶನ ಅಕ್ಕತಂಗಿಯರಲ್ಲಿ ಒಬ್ಬಳಾದ ಶಾವ್ ಟ್ಲಾ, ಅಂದರೆ ಕೇಟ್ ಕಾರ್ಮ್ಯಾಕ್, ಜಾರ್ಜ್‌ನ ಹೆಂಡತಿ. ಚಿನ್ನ ಕಂಡದ್ದು ತಾನೇ ಎಂದು ಜಾರ್ಜ್ ಹೇಳಿಕೊಂಡ. ಕಂಡವನು ಕೀಶ್ ಎಂಬುದು ಟ್ಯಾಗಿಶ್ ಜನರ ಬಾಯಿಮಾತಿನ ಪರಂಪರೆ, ಇಂದು ಅನೇಕ ಇತಿಹಾಸಕಾರರು ಒಲಿಯುವುದೂ ಈ ಕಡೆಗೇ. ಆದರೆ ಶೋಧಕನಿಗೆ ದೊರೆಯುವ ಹೆಚ್ಚುವರಿ ಹಕ್ಕು ಜಾರ್ಜ್‌ನ ಹೆಸರಿನಲ್ಲಿ ದಾಖಲಾಯಿತು, ಏಕೆಂದರೆ ಮೂಲನಿವಾಸಿಯೊಬ್ಬನನ್ನು ಶೋಧಕನೆಂದು ಇತರ ಗಣಿಗಾರರು ಒಪ್ಪಲಾರರೆಂಬುದು ಅವರಿಗೆ ಗೊತ್ತಿತ್ತು. ಆ ತೊರೆಗೆ ಬೊನಾಂಜಾ ಎಂಬ ಹೊಸ ಹೆಸರು ಬಂತು.

ನಾಲ್ಕನೆಯ ಹೆಸರೊಂದಿದೆ. ನೋವಾ ಸ್ಕೋಶಿಯಾದ ರಾಬರ್ಟ್ ಹೆಂಡರ್ಸನ್ ಆ ಬೆಟ್ಟಗಳಲ್ಲಿ ಮೊದಲೇ ಹುಡುಕಾಟ ನಡೆಸಿ, ತಾನು ಕಂಡ ಜಾಗದ ಸುಳಿವನ್ನು ಕಾರ್ಮ್ಯಾಕ್‌ಗೆ ಕೊಟ್ಟಿದ್ದ. ಆದರೆ ಜೊತೆಯಲ್ಲಿದ್ದ ಮೂಲನಿವಾಸಿಗಳು ತನ್ನ ತೊರೆಗೆ ಬರುವುದು ಬೇಡವೆಂದು ಅವರ ಎದುರಿಗೇ ಅವಮಾನವಾಗುವಂತೆ ಮಾತನಾಡಿದ, ಅವರಿಗೆ ಹೊಗೆಸೊಪ್ಪನ್ನು ಮಾರಲೂ ಒಪ್ಪಲಿಲ್ಲ. ಬೊನಾಂಜಾದಲ್ಲಿ ಚಿನ್ನ ಸಿಕ್ಕಾಗ ಬೆಟ್ಟದಾಚೆಗಿದ್ದ ಹೆಂಡರ್ಸನ್‌ಗೆ ಯಾರೂ ಹೇಳಿಕಳಿಸಲಿಲ್ಲ. ಅವನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಒಳ್ಳೆಯ ಜಾಗಗಳೆಲ್ಲ ಹಂಚಿಹೋಗಿದ್ದವು. ಕೆನಡಾ ಸರ್ಕಾರ ಮುಂದೆ ಅವನನ್ನೂ ಸಹಶೋಧಕನೆಂದು ಗುರುತಿಸಿ ಪಿಂಚಣಿ ಕೊಟ್ಟಿತು.

ಪ್ರಶ್ನೆ: ಈ ಶೋಧಕರ ಮುಂದಿನ ಬಾಳು ಏನಾಯಿತು?

ಜಾರ್ಜ್ ಕಾರ್ಮ್ಯಾಕ್ 1900ರಲ್ಲಿ ಹೆಂಡತಿಯನ್ನು ತೊರೆದು, ಬೇರೊಬ್ಬಳನ್ನು ಮದುವೆಯಾಗಿ, 1922ರಲ್ಲಿ ಶ್ರೀಮಂತನಾಗಿಯೇ ತೀರಿಕೊಂಡ. ಶಾವ್ ಟ್ಲಾಗೆ ಆ ಸಂಪತ್ತಿನಲ್ಲಿ ಪಾಲು ಸಿಗಲಿಲ್ಲ. ಅವಳು ಯೂಕಾನಿನ ದಕ್ಷಿಣದಲ್ಲಿರುವ ಕಾರ್‌ಕ್ರಾಸ್ ಊರಿಗೆ ಮರಳಿ, ತಮ್ಮವರ ಆಸರೆಯಲ್ಲಿ ಬದುಕಿ, 1920ರಲ್ಲಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದಳು. ಮೊದಲ ಚಳಿಗಾಲ ಆ ಗಂಡಸರು ಬದುಕಿ ಉಳಿದದ್ದು ಅವಳು ಹೊಲಿದ ಉಡುಪು, ಬೇಯಿಸಿದ ಅಡಿಗೆಗಳಿಂದ ಎಂಬುದನ್ನು ನೆನೆದರೆ ಇದು ದೊಡ್ಡ ಅನ್ಯಾಯವೇ. ಕೆನಡಾದ ಗಣಿಗಾರಿಕೆಯ ಗೌರವ ಪಟ್ಟಿಗೆ ಗಂಡಸರ ಹೆಸರುಗಳು ಸೇರಿದ ಬಹಳ ವರ್ಷಗಳ ನಂತರವಷ್ಟೇ ಅವಳ ಹೆಸರೂ ಸೇರಿತು. ಡಾಸನ್ ಚಾರ್ಲಿ 1908ರಲ್ಲಿ ಕಾರ್‌ಕ್ರಾಸ್‌ನ ಸೇತುವೆಯಿಂದ ಬಿದ್ದು ಸತ್ತ. ಕೀಶ್ 1916ರಲ್ಲಿ ಸಾಯುವಾಗ ತನ್ನ ಹಣದ ಒಂದು ಭಾಗವನ್ನು ಯೂಕಾನಿನ ಮೂಲನಿವಾಸಿಗಳ ನೆರವಿಗೆಂದು ನಿಧಿಯಾಗಿ ಇರಿಸಿದ. ವೈಟ್‌ಹಾರ್ಸ್‌ನಲ್ಲಿ ಇಂದಿಗೂ ಅವನ ಹೆಸರಿನ ಸಮುದಾಯ ಕೇಂದ್ರವೊಂದು ನಡೆಯುತ್ತಿದೆ.

ಪ್ರಶ್ನೆ: ಊರನ್ನು ಸ್ಥಾಪಿಸಿದವರು ಯಾರು?

ಜೋಸೆಫ್ ಲಡೂ ಎಂಬ ವ್ಯಾಪಾರಿ. ಚಿನ್ನದ ಸುದ್ದಿ ಕೇಳಿದವರೆಲ್ಲ ತೊರೆಯ ಕಡೆಗೆ ಓಡಿದರೆ, ಇವನು ಸಂಗಮದ ಬಳಿಯ ಜೌಗು ನೆಲವನ್ನು ತನ್ನ ಹೆಸರಿಗೆ ಮಾಡಿಕೊಂಡು ತನ್ನ ಮರ ಕೊಯ್ಯುವ ಯಂತ್ರವನ್ನು ಅಲ್ಲಿಗೆ ಸಾಗಿಸಿದ. ಬರುವವರಿಗೆಲ್ಲ ನಿವೇಶನವೂ ಬೇಕು, ಹಲಗೆಯೂ ಬೇಕು ಎಂಬುದು ಅವನ ಲೆಕ್ಕವಾಗಿತ್ತು, ಆ ಲೆಕ್ಕ ತಪ್ಪಲಿಲ್ಲ. ಅವನು ಅಪಾರ ಹಣ ಗಳಿಸಿದನಾದರೂ ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡ. ಯೂಕಾನಿನ ಭೂಪರಿಶೋಧನೆ ನಡೆಸಿದ್ದ ಭೂವಿಜ್ಞಾನಿ ಜಾರ್ಜ್ ಮರ್ಸರ್ ಡಾಸನ್ ಅವರ ಹೆಸರನ್ನು ಊರಿಗೆ ಇಡಲಾಯಿತು.

ಪ್ರಶ್ನೆ: ಹೊರಜಗತ್ತಿಗೆ ಸುದ್ದಿ ತಲುಪಿದ್ದು ಯಾವಾಗ? ಜನ ಅಲ್ಲಿಗೆ ಹೇಗೆ ಹೋದರು?

ಶೋಧವಾದದ್ದು 1896ರ ಆಗಸ್ಟ್‌ನಲ್ಲಾದರೂ ನದಿ ಹೆಪ್ಪುಗಟ್ಟಿದ ಕಾರಣ ಸುದ್ದಿ ಹೊರಬರಲು ಸುಮಾರು ಒಂದು ವರ್ಷ ಹಿಡಿಯಿತು. 1897ರ ಜುಲೈ ಮಧ್ಯಭಾಗದಲ್ಲಿ ಎಕ್ಸೆಲ್ಸಿಯರ್ ಹಡಗು ಸ್ಯಾನ್ ಫ್ರಾನ್ಸಿಸ್ಕೋಗೂ, ಜುಲೈ 17ರಂದು ಪೋರ್ಟ್‌ಲ್ಯಾಂಡ್ ಹಡಗು ಸಿಯಾಟಲ್‌ಗೂ ಬಂದು ಸೇರಿದವು. ಬಟ್ಟೆ ಹರಿದ, ಗಡ್ಡ ಬೆಳೆದ ಗಣಿಗಾರರು ಪೆಟ್ಟಿಗೆಗಳಲ್ಲೂ ಕಂಬಳಿ ಗಂಟುಗಳಲ್ಲೂ ಚಿನ್ನ ತುಂಬಿಕೊಂಡು ಇಳಿದರು. 1893ರ ಆರ್ಥಿಕ ಕುಸಿತದಿಂದ ಕೆಲಸ ಕಳೆದುಕೊಂಡು ಕಂಗೆಟ್ಟಿದ್ದ ಅಮೆರಿಕದಲ್ಲಿ ಈ ನೋಟಕ್ಕೆ ಬೆಂಕಿ ಹತ್ತಿದಂತಾಯಿತು. ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟು ಹೊರಟರೆಂದು ಅಂದಾಜು.

ಹೆಚ್ಚಿನವರು ಅಲಾಸ್ಕಾದ ಕರಾವಳಿಯಲ್ಲಿಳಿದು ಚಿಲ್ಕೂಟ್ ಕಣಿವೆಯ ಮೂಲಕವೋ ವೈಟ್ ಪಾಸ್ ಮೂಲಕವೋ ಬೆಟ್ಟ ದಾಟಿದರು. ಒಂದು ವರ್ಷಕ್ಕೆ ಸಾಲುವಷ್ಟು ಸಾಮಗ್ರಿ ಇಲ್ಲದವರನ್ನು ಕೆನಡಾದ ವಾಯವ್ಯ ಅಶ್ವಾರೋಹಿ ಪೊಲೀಸರು ಗಡಿಯೊಳಗೆ ಬಿಡುತ್ತಿರಲಿಲ್ಲ. ಅದೆಂದರೆ ತಲೆಗೆ ಸುಮಾರು ಒಂದು ಟನ್ ಹೊರೆ. ಕಠಿಣವೆನಿಸಿದರೂ ಅನೇಕರ ಪ್ರಾಣ ಉಳಿಸಿದ ನಿಯಮ ಇದು, ಏಕೆಂದರೆ 1897ರ ಚಳಿಗಾಲದಲ್ಲಿ ಡಾಸನ್‌ನಲ್ಲಿ ಚಿನ್ನವಿತ್ತು, ಹಿಟ್ಟಿರಲಿಲ್ಲ. ಆ ಹೊರೆಯನ್ನು ಒಮ್ಮೆಗೇ ಹೊರಲಾಗದು. ಒಂದು ಮೂಟೆ ಮೇಲೆ ಇಟ್ಟು, ಕೆಳಗಿಳಿದು, ಮತ್ತೊಂದನ್ನು ಹೊತ್ತು, ಹೀಗೆ ಮೂವತ್ತು ನಲವತ್ತು ಸಲ ಅದೇ ಏರನ್ನು ಹತ್ತಬೇಕಿತ್ತು. ಚಿಲ್ಕೂಟ್‌ನ ಕೊನೆಯ ಏರಿನಲ್ಲಿ ಮಂಜುಗಡ್ಡೆಯನ್ನು ಕಡಿದು ಮಾಡಿದ ಸುಮಾರು 1,500 ಮೆಟ್ಟಿಲುಗಳಿದ್ದವು, ಸಾಲು ತಪ್ಪಿಸಿ ಒಮ್ಮೆ ಪಕ್ಕಕ್ಕೆ ನಿಂತವನಿಗೆ ಮತ್ತೆ ಸಾಲಿನೊಳಗೆ ಸೇರಿಕೊಳ್ಳಲು ಬಹಳ ಹೊತ್ತು ಕಾಯಬೇಕಾಗುತ್ತಿತ್ತು. 1898ರ ಏಪ್ರಿಲ್ 3ರಂದು ಹಿಮಕುಸಿತವಾಗಿ 60ಕ್ಕೂ ಹೆಚ್ಚು ಜನ ಸತ್ತರು. ವೈಟ್ ಪಾಸ್ ದಾರಿಯಲ್ಲಿ ಸುಮಾರು 3,000 ಕುದುರೆ, ಹೇಸರಗತ್ತೆಗಳು ಮಡಿದವು. ಮನುಷ್ಯರ ಆತುರಕ್ಕೆ ಮೂಕಪ್ರಾಣಿಗಳು ತೆತ್ತ ಬೆಲೆ ಅದು.

ಬೆಟ್ಟ ದಾಟಿದವರು ಬೆನೆಟ್ ಸರೋವರದ ದಡದಲ್ಲಿ ತಾವೇ ಮರ ಕೊಯ್ದು ದೋಣಿ ಕಟ್ಟಿ ಹಿಮ ಕರಗುವುದನ್ನು ಕಾದರು. ಮೇ ಕೊನೆಯ ವಾರದಲ್ಲಿ ನೀರು ಬಿಟ್ಟುಕೊಂಡ ಮೇಲೆ 7,000ಕ್ಕೂ ಹೆಚ್ಚು ದೋಣಿಗಳು ಹೊರಟವು. ಮೈಲ್ಸ್ ಕಣಿವೆಯ ಸುಳಿಗಳಲ್ಲಿ ಹಲವು ದೋಣಿಗಳು ಒಡೆದಾಗ ಪೊಲೀಸ್ ಅಧಿಕಾರಿ ಸ್ಯಾಮ್ ಸ್ಟೀಲ್, ನುರಿತ ಅಂಬಿಗರಿಲ್ಲದೆ ಯಾವ ದೋಣಿಯೂ ಸಾಗಬಾರದೆಂದೂ ಹೆಂಗಸರು, ಮಕ್ಕಳು ದಡದ ಮೇಲೆ ನಡೆದೇ ಆ ಭಾಗ ದಾಟಬೇಕೆಂದೂ ಆಜ್ಞೆ ಹೊರಡಿಸಿದ.

ಪ್ರಶ್ನೆ: ಹೋದವರಿಗೆಲ್ಲ ಚಿನ್ನ ಸಿಕ್ಕಿತೇ?

ಇಲ್ಲ. ಹೊರಟ ಲಕ್ಷದಲ್ಲಿ ಮೂವತ್ತರಿಂದ ನಲವತ್ತು ಸಾವಿರ ಜನ ಡಾಸನ್ ತಲುಪಿದರು, ಸುಮಾರು 4,000 ಜನರಿಗೆ ಚಿನ್ನ ಸಿಕ್ಕಿತು, ನಿಜವಾಗಿ ಶ್ರೀಮಂತರಾದವರು ಕೆಲವೇ ನೂರು ಮಂದಿ ಎಂಬುದು ಬಹುಮಾನ್ಯ ಅಂದಾಜು. 1898ರಲ್ಲಿ ಬಂದಿಳಿದವರು ಕಂಡದ್ದೇನೆಂದರೆ, ಬೊನಾಂಜಾ ಮತ್ತು ಅದಕ್ಕಿಂತಲೂ ಸಮೃದ್ಧವಾದ ಎಲ್ಡೊರಾಡೊ ತೊರೆಗಳ ಉದ್ದಗಲವನ್ನು ಒಂದೂವರೆ ವರ್ಷದ ಹಿಂದೆಯೇ ಸುತ್ತಮುತ್ತಲ ಹಳೆಯ ಗಣಿಗಾರರು ಹಂಚಿಕೊಂಡಾಗಿತ್ತು. ಎಷ್ಟೋ ಜನ ಕೂಲಿಗೆ ನಿಂತರು, ಎಷ್ಟೋ ಜನ ತಂದ ಸಾಮಾನನ್ನು ಬೀದಿಯಲ್ಲಿ ಮಾರಿ ಹಡಗಿನ ಟಿಕೆಟ್ ಕೊಂಡರು.

ಗೆದ್ದವರಲ್ಲೂ ಉಳಿಸಿಕೊಂಡವರು ವಿರಳ. ಕ್ಲೋಂಡೈಕ್‌ನ ರಾಜನೆನಿಸಿಕೊಂಡ ಬಿಗ್ ಅಲೆಕ್ಸ್ ಮೆಕ್‌ಡೊನಾಲ್ಡ್ ಒಂದು ಮೂಟೆ ಹಿಟ್ಟು ಮತ್ತು ಹಂದಿಮಾಂಸ ಕೊಟ್ಟು ಎಲ್ಡೊರಾಡೊದ ಮೂವತ್ತನೆಯ ಗಣಿಯಲ್ಲಿ ಅರ್ಧ ಪಾಲು ಪಡೆದ. ಆ ಗಳಿಕೆಯನ್ನೆಲ್ಲ ಮತ್ತೆ ಮತ್ತೆ ಹೊಸ ಗಣಿಗಳ ಮೇಲೆ ಸುರಿದು, 1909ರಲ್ಲಿ ದೂರದ ತೊರೆಯೊಂದರ ಗುಡಿಸಲಿನಲ್ಲಿ ಬಡವನಾಗಿ ಸತ್ತ.

ಪ್ರಶ್ನೆ: ವರ್ಷವಿಡೀ ಹೆಪ್ಪುಗಟ್ಟಿರುವ ನೆಲದಿಂದ ಚಿನ್ನ ತೆಗೆದದ್ದು ಹೇಗೆ?

ಅಲ್ಲಿನದು ಬಂಡೆಯ ಸೀಳಿನಲ್ಲಿ ಹುದುಗಿದ ಅದಿರಲ್ಲ, ಪ್ರಾಚೀನ ಹೊಳೆಗಳು ತಂದು ಬಿಟ್ಟ ಮೆಕ್ಕಲು ಚಿನ್ನ. ತೂಕ ಹೆಚ್ಚಾದ್ದರಿಂದ ಅದು ಜಲ್ಲಿಯ ಅಡಿಯಲ್ಲಿ, ತಳಬಂಡೆಯ ಮೇಲೆ ಸೇರಿಕೊಂಡಿರುತ್ತದೆ. ಅಲ್ಲಿಗಿಳಿಯಬೇಕಾದರೆ ಹಲವು ಅಡಿ ಹೆಪ್ಪುಗಟ್ಟಿದ ಮಣ್ಣನ್ನು ತೋಡಬೇಕು, ಗುದ್ದಲಿ ಹಾರೆಗಳು ಅದರ ಮೇಲೆ ಕಲ್ಲಿಗೆ ಬಡಿದಂತೆ ಪುಟಿಯುತ್ತಿದ್ದವು. ಹಾಗಾಗಿ ಗಣಿಗಾರರು ರಾತ್ರಿ ಗುಂಡಿಯಲ್ಲಿ ಸೌದೆ ಒಟ್ಟಿ ಬೆಂಕಿ ಹಚ್ಚಿ, ಬೆಳಿಗ್ಗೆ ಹೊಗೆಯ ನಡುವೆ ಇಳಿದು, ಕರಗಿದ ಕೆಲವು ಅಂಗುಲದ ಕೆಸರನ್ನು ಬಕೆಟ್‌ನಲ್ಲಿ ತುಂಬಿ, ಕೈರಾಟೆಯಿಂದ ಮೇಲೆತ್ತುತ್ತಿದ್ದರು, ಮತ್ತೆ ರಾತ್ರಿ ಬೆಂಕಿ. ತಳ ಮುಟ್ಟಿದ ಮೇಲೆ ಚಿನ್ನದ ಜಾಡು ಹಿಡಿದು ಅಡ್ಡ ಸುರಂಗ ಕೊರೆಯುತ್ತಿದ್ದರು. ಚಳಿಗಾಲವೇ ತೋಡುವುದಕ್ಕೆ ತಕ್ಕ ಕಾಲ, ಏಕೆಂದರೆ ಬೇಸಿಗೆಯಲ್ಲಿ ಗುಂಡಿಗೆ ನೀರು ನುಗ್ಗಿ ಗೋಡೆ ಕುಸಿಯುತ್ತಿತ್ತು. ಮೇಲೆ ಸುರಿದ ಮಣ್ಣಿನ ರಾಶಿ ಮತ್ತೆ ಹೆಪ್ಪುಗಟ್ಟಿ, ವಸಂತದಲ್ಲಿ ತೊರೆ ಹರಿಯತೊಡಗಿದಾಗ ಅದನ್ನು ಮರದ ದೋಣಿಯಂಥ ಕಾಲುವೆಗಳಲ್ಲಿ ತೊಳೆಯುತ್ತಿದ್ದರು. ಅಡ್ಡಪಟ್ಟಿಗಳ ಸಂದಿಯಲ್ಲಿ ಚಿನ್ನ ಉಳಿಯುತ್ತಿತ್ತು. ಒಂದು ಚಳಿಗಾಲದ ದುಡಿಮೆ ಲಾಭವೋ ನಷ್ಟವೋ ಎಂಬುದು ಆ ದಿನದ ತನಕ ಪೂರ್ತಿ ತಿಳಿಯುತ್ತಿರಲಿಲ್ಲ.

ಪ್ರಶ್ನೆ: 1898–99ರ ಡಾಸನ್ ಕಾನೂನಿಲ್ಲದ ಊರಾಗಿತ್ತೇ?

ಜೂಜು, ಮದ್ಯ, ನೃತ್ಯಶಾಲೆಗಳು ಧಾರಾಳವಾಗಿದ್ದವು, ಆದರೆ ಕೊಲೆ ಸುಲಿಗೆ ಬಹಳ ಕಡಿಮೆ. ಊರೊಳಗೆ ಪಿಸ್ತೂಲು ಹಿಡಿದು ಓಡಾಡುವಂತಿರಲಿಲ್ಲ. ಭಾನುವಾರ ಎಲ್ಲವೂ ಮುಚ್ಚಬೇಕಿತ್ತು, ಸೌದೆ ಸೀಳುವುದೂ ಆ ದಿನ ಅಪರಾಧ. ಸಣ್ಣ ತಪ್ಪಿಗೆ ಸ್ಟೀಲ್ ಕೊಡುತ್ತಿದ್ದ ಶಿಕ್ಷೆ ಪೊಲೀಸ್ ಠಾಣೆಯ ಸೌದೆ ರಾಶಿಯ ಮುಂದೆ ದುಡಿತ, ದೊಡ್ಡ ತಪ್ಪಿಗೆ ಊರಿನಿಂದ ಗಡಿಪಾರು.

ಊರನ್ನು ನಿಜವಾಗಿ ಕಾಡಿದ್ದು ಕಾಯಿಲೆ ಮತ್ತು ಬೆಂಕಿ. ಜೌಗು ನೆಲದಲ್ಲಿ ಚರಂಡಿಯಿಲ್ಲದೆ ಬೆಳೆದ ಊರಿಗೆ 1898ರ ಬೇಸಿಗೆಯಲ್ಲಿ ವಿಷಮಶೀತಜ್ವರ ಬಡಿಯಿತು. ಜೆಸ್ಯೂಟ್ ಪಾದ್ರಿ ವಿಲಿಯಂ ಜಡ್ಜ್ ತಾನು ಕಟ್ಟಿಸಿದ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಮತ ನೋಡದೆ, ಹಣ ಕೇಳದೆ ರೋಗಿಗಳನ್ನು ಆರೈಕೆ ಮಾಡಿ, ದಣಿದ ದೇಹಕ್ಕೆ ನ್ಯುಮೋನಿಯಾ ತಗಲಿ 1899ರ ಜನವರಿಯಲ್ಲಿ ತೀರಿಕೊಂಡರು. ಆ ಊರಿನಲ್ಲಿ ಚಿನ್ನಕ್ಕೆಂದು ಬಾರದ ಕೆಲವರಲ್ಲಿ ಅವರೊಬ್ಬರು, ನನ್ನ ಎಣಿಕೆಯಲ್ಲಿ ಅವರಿಗೇ ಮೊದಲ ಸ್ಥಾನ. ಅದೇ ವರ್ಷ ಏಪ್ರಿಲ್ 26ರ ರಾತ್ರಿ ಎದ್ದ ಬೆಂಕಿಯಲ್ಲಿ 117 ಕಟ್ಟಡಗಳು ಸುಟ್ಟುಹೋದವು. ಹೆಪ್ಪುಗಟ್ಟಿದ ನದಿಗೆ ರಂಧ್ರ ಕೊರೆದು ನೀರೆತ್ತಿದರೂ ಕೊಳವೆಯೊಳಗೇ ನೀರು ಗಡ್ಡೆಕಟ್ಟಿ ಕೊಳವೆಗಳೇ ಸೀಳಿಹೋದವು.

ಪ್ರಶ್ನೆ: ಆ ಕಾಲದ ಡಾಸನ್‌ನಲ್ಲಿ ಹೆಸರಾದ ಹೆಂಗಸರು ಯಾರು?

ನೃತ್ಯಶಾಲೆಯ ಹಾಡುಗಾರ್ತಿಯರನ್ನೇ ಎಲ್ಲರೂ ನೆನೆಯುತ್ತಾರೆ, ಆದರೆ ನೆನೆಯಬೇಕಾದವರು ಇನ್ನೂ ಇದ್ದಾರೆ. ಐರ್ಲೆಂಡಿನಲ್ಲಿ ಹುಟ್ಟಿದ ಬೆಲಿಂಡಾ ಮಲ್ರೂನಿ 1897ರಲ್ಲಿ ರೇಷ್ಮೆ ಒಳಉಡುಪು ಮತ್ತು ಬಿಸಿನೀರಿನ ಚೀಲಗಳನ್ನು ತಂದು ಮಾರಿ, ಆ ಲಾಭದಲ್ಲಿ ಉಪಾಹಾರ ಗೃಹ ತೆರೆದಳು. ಗಣಿಗಳ ನಡುವೆ, ಬೊನಾಂಜಾ ಎಲ್ಡೊರಾಡೊ ಕೂಡುವ ಕಡೆ, ಗ್ರ್ಯಾಂಡ್ ಫೋರ್ಕ್ಸ್ ಹೋಟೆಲ್ ಕಟ್ಟಿದಳು, 1898ರಲ್ಲಿ ಡಾಸನ್‌ನ ಫೇರ್‌ವ್ಯೂ ಹೋಟೆಲ್ ತೆರೆದಳು. ಗಣಿಗಾರರು ಊಟದ ಮೇಜಿನಲ್ಲಾಡುವ ಮಾತನ್ನು ಕಿವಿಗೊಟ್ಟು ಕೇಳಿ ಗಣಿಗಳ ಪಾಲನ್ನೂ ಕೊಳ್ಳುತ್ತಿದ್ದಳು.

ಷಿಕಾಗೋದ ಮಾರ್ಥಾ ಪರ್ಡಿಯದು ಬೇರೆಯೇ ಗಟ್ಟಿತನ. ಹೊರಡುವ ಹೊತ್ತಿಗೆ ಗಂಡ ಹಿಂದೆ ಸರಿದರೂ ಆಕೆ 1898ರಲ್ಲಿ ಚಿಲ್ಕೂಟ್ ಹತ್ತಿದಳು, ಗರ್ಭಿಣಿಯಾಗಿದ್ದಳು, ಮುಂದಿನ ಜನವರಿಯಲ್ಲಿ ಡಾಸನ್‌ನ ಗುಡಿಸಲಿನಲ್ಲಿ ಮಗನನ್ನು ಹೆತ್ತಳು. ಮರುಮದುವೆಯ ನಂತರ ಮಾರ್ಥಾ ಬ್ಲ್ಯಾಕ್ ಆಗಿ, 1935ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಯೂಕಾನಿನಿಂದ ಗೆದ್ದು ಕೆನಡಾ ಸಂಸತ್ತಿನ ಕೆಳಮನೆಗೆ ಚುನಾಯಿತಳಾದ ಎರಡನೆಯ ಮಹಿಳೆಯಾದಳು.

ಕಪ್ಪುವರ್ಣೀಯ ಅಮೆರಿಕನ್ ಮಹಿಳೆ ಲೂಸಿಲ್ ಹಂಟರ್ ಹತ್ತೊಂಬತ್ತರ ಪ್ರಾಯದಲ್ಲಿ, ತುಂಬು ಗರ್ಭಿಣಿಯಾಗಿ, ಸ್ಟಿಕೀನ್ ದಾರಿ ಹಿಡಿದು ಬಂದಳು. ಟೆಸ್ಲಿನ್ ಸರೋವರದ ಬಳಿ ಹುಟ್ಟಿದ ಮಗಳಿಗೆ ಟೆಸ್ಲಿನ್ ಎಂದೇ ಹೆಸರಿಟ್ಟು, ಗಂಡನೊಡನೆ ಡಾಸನ್ ತಲುಪಿ ಬೊನಾಂಜಾದಲ್ಲಿ ಗಣಿ ಹಿಡಿದಳು. ಗಂಡ ತೀರಿದ ಮೇಲೂ ಅವಳು ಯೂಕಾನ್ ಬಿಡಲಿಲ್ಲ.

ಪ್ರಶ್ನೆ: ಯಾವ ಯಾವ ಲೇಖಕರಿಗೆ ಈ ಊರಿನ ನಂಟಿದೆ?

ಜ್ಯಾಕ್ ಲಂಡನ್ 21ರ ವಯಸ್ಸಿನಲ್ಲಿ 1897ರ ಚಳಿಗಾಲವನ್ನು ಸ್ಟುವರ್ಟ್ ನದಿಯ ಬಳಿ ಕಳೆದು, ಸ್ಕರ್ವಿ ರೋಗದಿಂದ ಹಲ್ಲು ಸಡಿಲಗೊಂಡು, ಮರುಬೇಸಿಗೆಯಲ್ಲಿ ಹಿಂದಿರುಗಿದ. ಅವನಿಗೆ ಚಿನ್ನ ಸಿಗಲಿಲ್ಲ, ಕಥೆಗಳು ಸಿಕ್ಕವು. ಅವನಿದ್ದ ಗುಡಿಸಲಿನ ತೊಲೆಗಳನ್ನು ಹಂಚಿ ಡಾಸನ್‌ನಲ್ಲೊಂದು, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲೊಂದು ಗುಡಿಸಲು ಕಟ್ಟಿದ್ದಾರೆ. ಕವಿ ರಾಬರ್ಟ್ ಸರ್ವಿಸ್ ಬಂದದ್ದು 1908ರಲ್ಲಿ, ಬ್ಯಾಂಕಿನ ಗುಮಾಸ್ತನಾಗಿ. ಚಿನ್ನದ ನೂಕುನುಗ್ಗಲು ಮುಗಿದು ಹತ್ತು ವರ್ಷವಾಗಿತ್ತು. ಹಳೆಯ ಗಣಿಗಾರರ ಮಾತು ಕೇಳಿಯೇ ಅವನು ಬರೆದ. ಇತಿಹಾಸಕಾರ ಪಿಯರ್ ಬರ್ಟನ್ 1898ರಲ್ಲಿ ಬಂದವರ ಮಗ, ಬಾಲ್ಯ ಕಳೆದದ್ದು ಇಲ್ಲಿಯೇ. ಆ ಮನೆಯಲ್ಲಿ ಈಗ ಲೇಖಕರು ಕೆಲಕಾಲ ತಂಗಿ ಬರೆಯುವ ಏರ್ಪಾಡಿದೆ.

ಪ್ರಶ್ನೆ: ಚೀಫ್ ಐಸಾಕ್ ಯಾರು?

ಚಿನ್ನದ ಬೇಟೆಯ ಕಾಲದಲ್ಲಿ ಟ್ರೋಂಡೆಕ್ ಹ್ವೆಚಿನ್ ಜನರ ನಾಯಕ. ಕುಡಿತ, ಕಾಯಿಲೆ, ಒತ್ತುವರಿಗಳಿಂದ ತನ್ನ ಜನ ನಾಶವಾಗುವುದನ್ನು ತಡೆಯಲು ಅವರನ್ನು ಡಾಸನ್‌ನಿಂದ ಸುಮಾರು ಐದು ಕಿಲೋಮೀಟರ್ ಕೆಳಹೊಳೆಯ ಮೂಸ್‌ಹೈಡ್‌ಗೆ ಕರೆದೊಯ್ದ. ಹಾಡು, ಕುಣಿತಗಳು ಈ ಗದ್ದಲದಲ್ಲಿ ಕಳೆದುಹೋಗಬಹುದೆಂದು ಮುಂಗಂಡು ಅವುಗಳನ್ನು ಅಲಾಸ್ಕಾದಲ್ಲಿದ್ದ ಬಂಧುಗಳಿಗೆ ಕಲಿಸಿ, ಕಾಪಾಡಲು ಒಪ್ಪಿಸಿದ. ಡಾಸನ್‌ನ ಸಭೆಗಳಿಗೂ ಬಂದು, ಬಿಳಿಯರು ತಮ್ಮ ನೆಲದಿಂದ ಏನೆಲ್ಲ ಒಯ್ದರೆಂಬುದನ್ನು ಅವರ ಮುಂದೆಯೇ ಹೇಳುತ್ತಿದ್ದ. 1932ರಲ್ಲಿ ತೀರಿಕೊಂಡ. ಬಂಧುಗಳ ಬಳಿ ಉಳಿದಿದ್ದ ಆ ಹಾಡುಗಳು ದಶಕಗಳ ನಂತರ ಊರಿಗೆ ಮರಳಿದವು, 1993ರಿಂದ ನಡೆಯುತ್ತಿರುವ ಮೂಸ್‌ಹೈಡ್ ಸಮಾವೇಶದಲ್ಲಿ ಈಗ ಅವನ್ನು ಹಾಡುತ್ತಾರೆ. ಡಾಸನ್‌ನ ಎಲ್ಲ ಹೆಸರಾಂತರ ನಡುವೆ ಇಷ್ಟು ದೂರ ನೋಡಿದವರು ಮತ್ತೊಬ್ಬರಿಲ್ಲವೆಂದೇ ಹೇಳಬೇಕು.

ಪ್ರಶ್ನೆ: ಚಿನ್ನದ ನೂಕುನುಗ್ಗಲು ಅಷ್ಟು ಬೇಗ ಏಕೆ ಮುಗಿಯಿತು?

1899ರ ಬೇಸಿಗೆಯಲ್ಲಿ ಅಲಾಸ್ಕಾದ ನೋಮ್ ಕಡಲತೀರದಲ್ಲಿ ಚಿನ್ನ ಸಿಕ್ಕ ಸುದ್ದಿ ಬಂತು. ಆಗಸ್ಟ್‌ನ ಒಂದೇ ವಾರದಲ್ಲಿ ಸುಮಾರು 8,000 ಜನ ಡಾಸನ್ ಬಿಟ್ಟರು. ಉತ್ಪಾದನೆಯೇನೂ ಆಗ ನಿಂತಿರಲಿಲ್ಲ; ಅದು ತುದಿ ಮುಟ್ಟಿದ್ದು 1900ರಲ್ಲಿ. ಆಮೇಲೆ ಒಬ್ಬಿಬ್ಬರ ಗುಂಡಿಗಳ ಕಾಲ ಹೋಗಿ, ನೂರಾರು ಗಣಿಗಳನ್ನು ಒಟ್ಟುಗೂಡಿಸಿ ತಳದ ಜಲ್ಲಿಯನ್ನು ಬಾಚಿ ತೊಳೆಯುವ ತೇಲುವ ಡ್ರೆಜ್ ಯಂತ್ರ ನಡೆಸುವ ಕಂಪನಿಗಳ ಕಾಲ ಬಂತು. ಆ ಕಂಪನಿಗಳ ಒಡೆಯರಲ್ಲಿ ಪ್ರಮುಖ ಜೋ ಬಾಯ್ಲ್. ಅವನ ಕಂಪನಿಗಾಗಿ 1912ರಲ್ಲಿ ಕಟ್ಟಿದ, ಎಂಟು ಮಹಡಿಯಷ್ಟು ಎತ್ತರದ ನಾಲ್ಕನೆಯ ಡ್ರೆಜ್ 1959ರವರೆಗೆ ಕೆಲಸ ಮಾಡಿ, ಈಗ ಬೊನಾಂಜಾ ತೊರೆಯ ಬಳಿ ರಾಷ್ಟ್ರೀಯ ಸ್ಮಾರಕವಾಗಿ ನಿಂತಿದೆ. ಬಾಯ್ಲ್ ಮೊದಲ ಮಹಾಯುದ್ಧದಲ್ಲಿ ರಷ್ಯಾ, ರೊಮೇನಿಯಾಗಳಿಗೆ ಹೋಗಿ, ರೊಮೇನಿಯಾದ ಸೆರೆಯಾಳುಗಳನ್ನು ಬಿಡಿಸಿ ಅಲ್ಲಿನ ರಾಷ್ಟ್ರವೀರನೆನಿಸಿಕೊಂಡ. ಡ್ರೆಜ್‌ಗಳು 1966ರಲ್ಲಿ ಪೂರ್ತಿ ನಿಂತವು. ಅವು ಹಿಂದೆ ಬಿಟ್ಟ ಜಲ್ಲಿಯ ದಿಬ್ಬಗಳು ಕ್ಲೋಂಡೈಕ್ ಕಣಿವೆಯ ಉದ್ದಕ್ಕೂ ಇವೆ.

ಪ್ರಶ್ನೆ: ಡಾಸನ್‌ನ ಐಸ್ ಹಾಕಿ ತಂಡದ ಕಥೆ ನಿಜವೇ?

ನಿಜ. 1904ರ ಡಿಸೆಂಬರ್‌ನಲ್ಲಿ ಹೊರಟ ಡಾಸನ್ ಸಿಟಿ ನಗೆಟ್ಸ್ ತಂಡ ಕಾಲ್ನಡಿಗೆ, ನಾಯಿಬಂಡಿ, ರೈಲು, ಹಡಗುಗಳಲ್ಲಿ ಸುಮಾರು 4,000 ಮೈಲಿ ಸಾಗಿ ಐಸ್ ಹಾಕಿಯ ಪ್ರಮುಖ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ಗಾಗಿ 1905ರ ಜನವರಿಯಲ್ಲಿ ಒಟ್ಟಾವಾ ತಲುಪಿತು. ವಿಶ್ರಾಂತಿಗೆ ಬಿಡುವು ಸಿಗಲಿಲ್ಲ. ಮೊದಲ ಪಂದ್ಯ 9–2, ಎರಡನೆಯದು 23–2ರಲ್ಲಿ ಸೋತರು. ಎರಡನೆಯ ಪಂದ್ಯದಲ್ಲಿ ಒಟ್ಟಾವಾದ ಫ್ರ್ಯಾಂಕ್ ಮೆಕ್‌ಗೀ ಒಬ್ಬನೇ 14 ಗೋಲು ಹೊಡೆದ, ಆ ದಾಖಲೆ ಇಂದಿಗೂ ಉಳಿದಿದೆ.

ಪ್ರಶ್ನೆ: ಊರು ರಾಜಧಾನಿಯ ಸ್ಥಾನ ಕಳೆದುಕೊಂಡದ್ದು ಯಾವಾಗ?

1898ರಲ್ಲಿ ಯೂಕಾನ್ ಪ್ರತ್ಯೇಕ ಪ್ರದೇಶವಾದಾಗ ಡಾಸನ್ ಅದರ ರಾಜಧಾನಿಯಾಯಿತು, 1953ರಲ್ಲಿ ಆ ಸ್ಥಾನ ವೈಟ್‌ಹಾರ್ಸ್‌ಗೆ ಹೋಯಿತು. 1942ರಲ್ಲಿ ಕಟ್ಟಿದ ಅಲಾಸ್ಕಾ ಹೆದ್ದಾರಿ ವೈಟ್‌ಹಾರ್ಸ್ ಮೂಲಕ ಹಾದದ್ದೇ ಮುಖ್ಯ ಕಾರಣ. ಅದಕ್ಕೂ ಮುಂಚೆ ಬಿದ್ದ ಪೆಟ್ಟು ಇನ್ನೂ ಆಳವಾದದ್ದು: 1918ರ ಅಕ್ಟೋಬರ್ 25ರಂದು ಪ್ರಿನ್ಸೆಸ್ ಸೋಫಿಯಾ ಹಡಗು ಅಲಾಸ್ಕಾದ ಲಿನ್ ಕೆನಾಲ್ ಎಂಬ ಕಡಲ ಚಾಚಿನಲ್ಲಿ ಮುಳುಗಿ, ಅದರಲ್ಲಿದ್ದ 340ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಚಳಿಗಾಲಕ್ಕೆಂದು ದಕ್ಷಿಣಕ್ಕೆ ಹೊರಟಿದ್ದ ಡಾಸನ್‌ನ ಅನೇಕ ಕುಟುಂಬಗಳು ಆ ಹಡಗಿನಲ್ಲಿದ್ದವು.

ಪ್ರಶ್ನೆ: ನೆಲದಡಿ ಸಿನಿಮಾ ಸಿಕ್ಕಿತೆಂಬುದು ಏನು?

ಸಿನಿಮಾ ವಿತರಣೆಯ ದಾರಿಯಲ್ಲಿ ಡಾಸನ್ ಕೊನೆಯ ಊರು. ಅಲ್ಲಿಗೆ ಬಂದ ಮೂಕಿಚಿತ್ರಗಳ ಸುರುಳಿಗಳನ್ನು ವಾಪಸು ತರಿಸಿಕೊಳ್ಳುವ ಖರ್ಚು ಯಾರಿಗೂ ಬೇಡವಾಗಿತ್ತು. ಹೀಗೆ ಉಳಿದ ಸುರುಳಿಗಳನ್ನು 1929ರಲ್ಲಿ ಹಳೆಯ ಈಜುಕೊಳ ಮುಚ್ಚುವಾಗ ಮಣ್ಣಿನೊಂದಿಗೆ ತುಂಬಿದರು. 1978ರಲ್ಲಿ ಕಟ್ಟಡ ಕಾಮಗಾರಿಗೆ ನೆಲ ಅಗೆದಾಗ 500ಕ್ಕೂ ಹೆಚ್ಚು ಸುರುಳಿಗಳು ಹೊರಬಂದವು, ಬೇರೆಲ್ಲೂ ಪ್ರತಿ ಉಳಿಯದ ಚಿತ್ರಗಳೂ ಅವುಗಳಲ್ಲಿದ್ದವು. ಬೇಗ ಹೊತ್ತಿಕೊಳ್ಳುವ ಆ ನೈಟ್ರೇಟ್ ಫಿಲ್ಮುಗಳನ್ನು ಕಾದಿಟ್ಟದ್ದು ಹೆಪ್ಪುಗಟ್ಟಿದ ನೆಲದ ತಣ್ಪು.

ಪ್ರಶ್ನೆ: ಈಗಲೂ ಅಲ್ಲಿ ಚಿನ್ನ ತೆಗೆಯುತ್ತಾರೆಯೇ?

ಹೌದು, ಸುತ್ತಲ ತೊರೆಗಳಲ್ಲಿ ಕುಟುಂಬಗಳೂ ಸಣ್ಣ ಕಂಪನಿಗಳೂ ಬೇಸಿಗೆಯಲ್ಲಿ ಮೆಕ್ಕಲು ತೊಳೆಯುತ್ತವೆ. 2022ರ ಜೂನ್‌ನಲ್ಲಿ ಯುರೇಕಾ ತೊರೆಯಲ್ಲಿ ಹೀಗೆ ಅಗೆಯುವಾಗ ಚರ್ಮ, ಕೂದಲು ಸಮೇತ 30,000 ವರ್ಷಗಳಿಗೂ ಹಳೆಯದಾದ ಮರಿ ಮ್ಯಾಮತ್ ಸಿಕ್ಕಿತು. ಟ್ರೋಂಡೆಕ್ ಹ್ವೆಚಿನ್ ಹಿರಿಯರು ಅದಕ್ಕೆ ನುನ್ ಚೋ ಗಾ ಎಂದು ಹಾನ್ ಭಾಷೆಯಲ್ಲಿ ಹೆಸರಿಟ್ಟು, ಪ್ರಾರ್ಥನೆ ಮಾಡಿ ಬರಮಾಡಿಕೊಂಡರು.

ಪ್ರಶ್ನೆ: ವಿಶ್ವ ಪರಂಪರೆಯ ಪಟ್ಟಿಗೆ ಈ ಊರು ಸೇರಿದೆಯೇ?

2023ರ ಸೆಪ್ಟೆಂಬರ್‌ನಲ್ಲಿ ಟ್ರೋಂಡೆಕ್–ಕ್ಲೋಂಡೈಕ್ ಎಂಬ ಹೆಸರಿನಲ್ಲಿ ಯುನೆಸ್ಕೋ ಈ ಪ್ರದೇಶವನ್ನು ಪಟ್ಟಿಗೆ ಸೇರಿಸಿತು. ಗಮನಿಸಬೇಕಾದದ್ದು ಕಾರಣ: ವಸಾಹತು ಆಡಳಿತ ಮತ್ತು ಚಿನ್ನದ ಬೇಟೆಯನ್ನು ಮೂಲನಿವಾಸಿಗಳು ಎದುರಿಸಿ, ಹೊಂದಿಕೊಂಡು, ಉಳಿದುಬಂದ ಬಗೆಗೆ ಈ ಜಾಗಗಳು ಸಾಕ್ಷಿಯಾಗಿವೆ ಎಂಬುದಕ್ಕಾಗಿ ಈ ಮನ್ನಣೆ ದೊರೆಯಿತು. ಟ್ರೋಚೆಕ್, ಮೂಸ್‌ಹೈಡ್ ಎರಡೂ ಅದರಲ್ಲಿವೆ. ಟ್ರೋಂಡೆಕ್ ಹ್ವೆಚಿನ್ ಜನರ ಭೂಹಕ್ಕು ಮತ್ತು ಸ್ವಯಂ ಆಡಳಿತದ ಒಪ್ಪಂದಕ್ಕೆ 1998ರಲ್ಲಿ ಸಹಿಯಾಯಿತು. ಇಂದು ಡಾಸನ್‌ನಲ್ಲಿ ಅವರದೇ ಸರ್ಕಾರದ ಕಚೇರಿಯಿದೆ, ನದಿಯ ದಡದಲ್ಲಿ ದನೋಜಾ ಝೋ ಎಂಬ ಸಾಂಸ್ಕೃತಿಕ ಕೇಂದ್ರವಿದೆ. ಊರಿಗೆ ಹೋಗುವವರು ಡ್ರೆಜ್ ನೋಡುವ ಮೊದಲು ಅಲ್ಲಿಗೆ ಹೋಗುವುದು ಒಳ್ಳೆಯದು.